ಲಾಗಿನ್ ಇರುವ ಮೊದಲ ವೆಬ್ ಆ್ಯಪ್: ಯಾವುದರಲ್ಲಿ ಕಟ್ಟಬೇಕು, ಎಲ್ಲಿ ಇಡಬೇಕು?

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ಬೆಳೆಗಾರರು ದ್ರಾಕ್ಷಿಯನ್ನು ಶೆಡ್‌ನಲ್ಲಿ ಒಣಗಿಸಿ, ಬಾಕ್ಸ್ ತುಂಬಿ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ದರ ಬಂದಾಗ ತೆಗೆದು ಸಾಂಗಲಿಗೋ ತಾಸಗಾಂವಕ್ಕೋ ಕಳಿಸುತ್ತಾರೆ. ನಡುವಿನ ತಿಂಗಳುಗಳಲ್ಲಿ ಅವರು ಕೇಳುವುದು ಎರಡೇ ಮಾತು: ನನ್ನವು ಇನ್ನೂ ಎಷ್ಟು ಬಾಕ್ಸ್ ಒಳಗಿವೆ, ಬಾಡಿಗೆ ಎಷ್ಟಾಗಿದೆ. ಫೋನ್ ಬಂದಾಗಲೆಲ್ಲ ಗುಮಾಸ್ತ ರಿಜಿಸ್ಟರ್ ತಿರುವಿ ಹಾಕಬೇಕು. ಬೆಳೆಗಾರನೇ ಮೊಬೈಲ್‌ನಲ್ಲಿ ಒಳಹೋಗಿ ತನ್ನ ಲೆಕ್ಕ ನೋಡಿಕೊಳ್ಳುವ ಸಣ್ಣ ವೆಬ್ ಆ್ಯಪ್ ಕಟ್ಟಿದರೆ ಇಬ್ಬರಿಗೂ ಅನುಕೂಲ. ಈ ಬರಹದ ಉದ್ದಕ್ಕೂ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಯೂಟ್ಯೂಬ್ ಪಾಠಗಳಲ್ಲಿ ಬರುವ ‘ಮಾಡಬೇಕಾದ ಕೆಲಸಗಳ ಪಟ್ಟಿ’ಯ ಆ್ಯಪ್ ಕಟ್ಟಿದವರಿಗೆ ಲಾಗಿನ್ ಏಕೆ ಬೇಕು ಎಂಬುದೇ ತಿಳಿಯುವುದಿಲ್ಲ, ಇಲ್ಲಿ ಮೊದಲ ದಿನವೇ ತಿಳಿಯುತ್ತದೆ.

ಬಳಸುವವರು ಮೂರು ಬಗೆ. ಮಾಲೀಕ ಎಲ್ಲವನ್ನೂ ನೋಡುತ್ತಾನೆ. ಗುಮಾಸ್ತ ಬಂದ ಮಾಲು, ಹೋದ ಮಾಲು ಬರೆಯುತ್ತಾನೆ. ಬೆಳೆಗಾರ ತನ್ನದನ್ನು ಮಾತ್ರ ನೋಡಬೇಕು. ಯಾರ ಬಳಿ ಎಷ್ಟು ಮಾಲು ಉಳಿದಿದೆ ಎಂಬುದು ದಲಾಲನ ಕಿವಿಗೆ ಬಿದ್ದರೆ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ, ಆದ್ದರಿಂದ ಈ ಮೂರನೆಯ ಷರತ್ತನ್ನು ಸಡಿಲ ಮಾಡುವಂತಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಕೆಲಸ ಹಿಡಿದಾಗ ಮೊದಲು ಕೇಳುವ ಪ್ರಶ್ನೆ, ಯಾವ ಭಾಷೆ ವೇಗ, ಯಾವುದಕ್ಕೆ ಬೇಡಿಕೆ ಹೆಚ್ಚು ಎಂಬುದು. ಕೆಲವು ನೂರು ಜನ ಬಳಸುವ ಆ್ಯಪ್‌ಗೆ ವೇಗ ಯಾವುದರಲ್ಲೂ ಸಾಕಾಗುತ್ತದೆ. ನಾನು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಬೆಳೆಗಾರ ಪಾಸ್‌ವರ್ಡ್ ಮರೆತು ಬಂದಾಗ ಅದನ್ನು ಸರಿಪಡಿಸಿಕೊಡುವವರು ಯಾರು? ಆ್ಯಪ್ ಕಟ್ಟಿದ ಹುಡುಗನೋ ಹುಡುಗಿಯೋ ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಈ ಎರಡಕ್ಕೆ ಉತ್ತರ ಕೊಟ್ಟುಕೊಂಡರೆ ಆಯ್ಕೆ ಬಹುಪಾಲು ಮುಗಿದಂತೆ. ಕೋಲ್ಡ್ ಸ್ಟೋರೇಜ್‌ನಂಥ ಕೆಲಸಕ್ಕೆ ನನ್ನ ಮತ ಜ್ಯಾಂಗೋಗೆ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟಿಗೆ. ಹೋಸ್ಟಿಂಗ್, ಅಂದರೆ ಜಾಲತಾಣ ಇಡುವ ಬಾಡಿಗೆ ಜಾಗ, ಆಗಲೇ ಕೊಂಡಿರುವ ಅಂಗಡಿ, ಕಾರ್ಖಾನೆಗಳಿಗೆ ಪಿಎಚ್‌ಪಿ ಭಾಷೆಯ ಅಂಥದ್ದೇ ಚೌಕಟ್ಟಾದ ಲಾರಾವೆಲ್. ಮೊಬೈಲ್ ಆ್ಯಪ್ ಮುಖ್ಯವಾಗಿದ್ದರೆ ಫೈರ್‌ಬೇಸ್ ಅಥವಾ ಸುಪಾಬೇಸ್; ಇವು ಲಾಗಿನ್, ಡೇಟಾಬೇಸ್ ಎರಡನ್ನೂ ತಾವೇ ನಡೆಸಿಕೊಡುವ ಆನ್‌ಲೈನ್ ಸೇವೆಗಳು. ಕಾರಣಗಳು ಮುಂದೆ ಇವೆ.

ಲಾಗಿನ್ ಬೇಡವಾದ ಕಡೆ

ಇಳಕಲ್‌ನ ನೇಕಾರರೊಬ್ಬರು ಸೀರೆಗಳ ಚಿತ್ರ ತೋರಿಸಬೇಕು ಎಂದರೆ ಅದಕ್ಕೆ ಲಾಗಿನ್ ಬೇಕಿಲ್ಲ. ನಾಲ್ಕು ಪುಟಗಳ ಸಾದಾ ಜಾಲತಾಣ, ವಾಟ್ಸ್ಆ್ಯಪ್ ಸಂಖ್ಯೆ, ಮುಗಿಯಿತು. ಟೋಪ್ ತೆನಿ ಸೆರಗು ನೋಡಲು ಬಂದ ಗಿರಾಕಿಗೆ ‘ಮೊದಲು ಖಾತೆ ತೆರೆಯಿರಿ’ ಎಂದರೆ ಆಕೆ ಹಿಂದಿರುಗಿ ನೋಡುವುದಿಲ್ಲ. ಪಾಸ್‌ವರ್ಡ್ ಇಟ್ಟುಕೊಳ್ಳುವುದು ಜವಾಬ್ದಾರಿಯ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಬೇಡದ ಮಾಹಿತಿ ಕೂಡಿಡುವುದು ಮೈಮೇಲೆ ಎಳೆದುಕೊಂಡಂತೆ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ತೋರಿಸಬೇಕಾದಾಗ ಮಾತ್ರ ಲಾಗಿನ್ ಕಟ್ಟಿ.

ಜ್ಯಾಂಗೋ

ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸುದ್ದಿಮನೆಯಲ್ಲಿ ಹುಟ್ಟಿದ ಗುಣ ಇಂದಿಗೂ ಅದರಲ್ಲಿದೆ: ಪ್ರೋಗ್ರಾಂ ಬರೆಯದವರೂ ಕುಳಿತು ದಾಖಲೆ ತಿದ್ದಬಹುದಾದ ಅಡ್ಮಿನ್ ಪುಟ ಮೊದಲಿನಿಂದಲೇ ಸಿದ್ಧವಾಗಿ ಬರುತ್ತದೆ. ಹೊಸ ಪ್ರಾಜೆಕ್ಟ್ ಶುರು ಮಾಡಿ, ಡೇಟಾಬೇಸ್‌ನ ಟೇಬಲ್‌ಗಳನ್ನು ಕಟ್ಟುವ ಮೈಗ್ರೇಟ್ ಆದೇಶ ಕೊಟ್ಟು, ಎಲ್ಲ ಅಧಿಕಾರವಿರುವ ಒಬ್ಬ ಸೂಪರ್‌ಯೂಸರ್‌ನನ್ನು ಮಾಡಿದರೆ ಲಾಗಿನ್ ಆಗಲೇ ನಡೆಯುತ್ತಿರುತ್ತದೆ. ಪಾಸ್‌ವರ್ಡ್ ಬದಲಿಸುವುದು, ಗುಂಪುಗಳು, ಅನುಮತಿಗಳು, ಎಲ್ಲವೂ ಒಳಗೇ ಇವೆ. ಹೊಸಬರು ತಾವೇ ನೋಂದಾಯಿಸಿಕೊಳ್ಳುವ ಪುಟ ಮಾತ್ರ ಸಿದ್ಧವಾಗಿ ಸಿಗುವುದಿಲ್ಲ, ಅದನ್ನು ನೀವೇ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಅದು ಕೊರತೆಯೇ ಅಲ್ಲ. ಬೆಳೆಗಾರ ಮಾಲು ಹಾಕಲು ಹೇಗೂ ಕೌಂಟರ್‌ಗೆ ಬರುತ್ತಾನೆ. ಆಗಲೇ ಗುಮಾಸ್ತ ಖಾತೆ ತೆರೆದುಕೊಡಬಹುದು.

ಮರೆತ ಪಾಸ್‌ವರ್ಡ್‌ನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. "ಸಾಹೇಬರೇ, ಇದು ನನ್ನನ್ನು ಒಳಗೇ ಬಿಡುತ್ತಿಲ್ಲವಲ್ಲ" ಎಂದು ಬೆಳೆಗಾರ ಕೌಂಟರ್‌ನಲ್ಲಿ ನಿಂತರೆ, ಗುಮಾಸ್ತ ಅವನ ಮುಖ ನೋಡಿ, ರಸೀದಿ ನೋಡಿ, ಅಡ್ಮಿನ್ ಪುಟದಲ್ಲಿ ಹೊಸ ಪಾಸ್‌ವರ್ಡ್ ಹಾಕಿಕೊಡುತ್ತಾನೆ. ಇಮೇಲ್ ಬೇಡ, ಎಸ್‌ಎಂಎಸ್ ಬೇಡ. "ಹಳೆಯದೇ ಏನಿತ್ತು ನೋಡಿ ಹೇಳಪ್ಪಾ" ಎಂದು ಮಾಲೀಕರು ಕೇಳುವುದುಂಟು. ಅದನ್ನು ಯಾರೂ ನೋಡಲಾಗದು. ಜ್ಯಾಂಗೋ 5.2 ಪಾಸ್‌ವರ್ಡನ್ನು ಪಿಬಿಕೆಡಿಎಫ್2 ಎಂಬ ವಿಧಾನದಿಂದ 10 ಲಕ್ಷ ಸುತ್ತು ಅರೆದು, ಹಿಂದಕ್ಕೆ ತಿರುಗಿಸಲಾಗದ ರೂಪದಲ್ಲಿ ಇಡುತ್ತದೆ. ಅಡ್ಮಿನ್ ಪುಟದಲ್ಲಿ ಕಾಣುವುದು ನಕ್ಷತ್ರ ಚಿಹ್ನೆಗಳ ಸಾಲು.

ಗುಮಾಸ್ತನಿಗೆ ಈ ಅಧಿಕಾರ ಕೊಡುವಾಗ ಒಂದು ಕಡೆ ಎಚ್ಚರ ಬೇಕು. ಬಳಕೆದಾರರನ್ನು ತಿದ್ದುವ ಅನುಮತಿ ಪಡೆದವನು ಅದೇ ಪುಟದಲ್ಲಿ ತನ್ನ ಹೆಸರಿನ ಮುಂದಿರುವ ಸೂಪರ್‌ಯೂಸರ್ ಚೌಕಕ್ಕೂ ಗುರುತು ಹಾಕಿಕೊಳ್ಳಬಹುದು. ಗುಮಾಸ್ತ ಎಷ್ಟೇ ನಂಬಿಗಸ್ತನಾಗಿರಲಿ, ಅವನಿಗೆ ಕಾಣುವ ಅಡ್ಮಿನ್ ಪುಟದಲ್ಲಿ ಆ ಚೌಕವನ್ನೂ ಗುಂಪು, ಅನುಮತಿಗಳ ಪೆಟ್ಟಿಗೆಗಳನ್ನೂ ಓದಲು ಮಾತ್ರ ಎಂದು ಮಾಡಿಡಿ. ಸೂಪರ್‌ಯೂಸರ್ ಖಾತೆಗಳನ್ನು ಅವನ ಪಟ್ಟಿಯಿಂದಲೇ ತೆಗೆಯಿರಿ. ಇಲ್ಲವಾದರೆ ಮಾಲೀಕನ ಪಾಸ್‌ವರ್ಡನ್ನೇ ಬದಲಿಸಿಬಿಡಬಹುದು. ಕೆಲವೇ ಸಾಲುಗಳ ಕೆಲಸ, ಆದರೆ ಮಾಡದೆ ಬಿಟ್ಟವರೇ ಹೆಚ್ಚು.

ಶುರುವಿನಲ್ಲೇ ತೀರ್ಮಾನಿಸಬೇಕಾದ ಇನ್ನೊಂದು ವಿಷಯ ಬಳಕೆದಾರ ಹೆಸರು. ಮೊದಲ ಮೈಗ್ರೇಟ್ ಕೊಡುವ ಮುನ್ನವೇ ನಿಮ್ಮದೇ ಯೂಸರ್ ಮಾದರಿ (ಬಳಕೆದಾರನ ಯಾವ ವಿವರ ಇಡಬೇಕೆಂಬ ನಕ್ಷೆ) ಬರೆದು, ಮೊಬೈಲ್ ಸಂಖ್ಯೆಯನ್ನೇ ಹೆಸರಿನ ಜಾಗದಲ್ಲಿ ಇಡಿ. ಡೇಟಾಬೇಸ್ ತುಂಬಿದ ಮೇಲೆ ಇದನ್ನು ಬದಲಿಸುವುದು ಕಷ್ಟದ ಕೆಲಸ. ಜ್ಯಾಂಗೋದ ಅಧಿಕೃತ ಕೈಪಿಡಿಯೂ ಮೊದಲೇ ಮಾಡಿಕೊಳ್ಳಲು ಹೇಳುತ್ತದೆ. ಕನ್ನಡದಲ್ಲಿ ಹೆಸರು ಇಡೋಣ ಎಂದುಕೊಂಡರೆ ವಿಚಿತ್ರ ತೊಡಕು ಎದುರಾಗುತ್ತದೆ: ‘ಬಸವ’ ಎಂದು ಕೊಟ್ಟರೆ ಒಪ್ಪುತ್ತದೆ, ‘ಸಿದ್ದಪ್ಪ’ ಎಂದರೆ ತಿರಸ್ಕರಿಸುತ್ತದೆ. ಹೆಸರನ್ನು ಪರೀಕ್ಷಿಸುವ ಪೈಥಾನ್ ನಿಯಮ ಅಕ್ಷರಗಳನ್ನು ಒಪ್ಪಿದರೂ ಗುಡಿಸು, ಕೊಂಬು, ಒತ್ತಿನ ಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲ. ಗುಣಿತವೇ ಇಲ್ಲದ ಹೆಸರಿನವರಿಗೆ ಮಾತ್ರ ಪ್ರವೇಶ ಎಂದಂತಾಯಿತು. ಮೊಬೈಲ್ ಸಂಖ್ಯೆ ಇಟ್ಟರೆ ಈ ತಂಟೆಯಿಲ್ಲ, ಬೆಳೆಗಾರನಿಗೆ ನೆನಪಿಡುವುದೂ ಸುಲಭ.

ಜ್ಯಾಂಗೋದ ನಿಜವಾದ ಕೊರತೆ ಬೇರೆ ಇದೆ. ತಪ್ಪು ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ಅದು ತಡೆಯುವುದಿಲ್ಲ. ಲಾರಾವೆಲ್‌ನ ಸಿದ್ಧ ಲಾಗಿನ್ ಐದು ಸಲ ತಪ್ಪಿದರೆ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. ಜ್ಯಾಂಗೋದಲ್ಲಿ ಅದಕ್ಕಾಗಿ ಜ್ಯಾಂಗೋ ಆ್ಯಕ್ಸೀಸ್ (django-axes) ಎಂಬ ಹೊರಗಿನ ಪ್ಯಾಕೇಜ್ ಸೇರಿಸಬೇಕು. ನಾಲ್ಕು ಅಂಕಿಯ ಪಿನ್ ಇಟ್ಟರೆ ಸಾಲದೇ ಎಂದು ಮಾಲೀಕರು ಕೇಳುತ್ತಾರೆ. ಇರುವುದೇ ಹತ್ತು ಸಾವಿರ ಪಿನ್‌ಗಳು, ತಡೆಯಿಲ್ಲದ ಬಾಗಿಲಲ್ಲಿ ಅಷ್ಟನ್ನೂ ಯಂತ್ರವೊಂದು ಬಹಳ ಬೇಗ ಪ್ರಯತ್ನಿಸಿ ಮುಗಿಸುತ್ತದೆ. ಎಂಟು ಅಕ್ಷರಕ್ಕೆ ಕಡಿಮೆ ಇರಬಾರದು, ಬರೀ ಅಂಕಿ ಇರಬಾರದು ಎಂಬ ನಿಯಮಗಳು ಹೊಸ ಪ್ರಾಜೆಕ್ಟ್‌ನಲ್ಲಿ ಮೊದಲೇ ಇರುತ್ತವೆ, ಅವನ್ನು ತೆಗೆಯಬೇಡಿ.

ಲಾರಾವೆಲ್

ಪಿಎಚ್‌ಪಿ ಹಳೆಯದಾಯಿತು ಎಂದು ಮೂಗು ಮುರಿಯುವವರು ಒಮ್ಮೆ ಬೆಳಗಾವಿಯ ಉದ್ಯಮಬಾಗದಲ್ಲಿ ಸುತ್ತಾಡಿ ಬರಬೇಕು. ಅಲ್ಲಿನ ಸಣ್ಣ ಫೌಂಡ್ರಿ, ಹೈಡ್ರಾಲಿಕ್ ಬಿಡಿಭಾಗಗಳ ಘಟಕಗಳ ಪೈಕಿ ಜಾಲತಾಣ ಇರುವ ಎಷ್ಟೋ ಕಡೆ ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟ ಇರುವ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್ ಅನ್ನು ಹಲವರು ಹಂಚಿಕೊಳ್ಳುವ ಜಾಗ) ಆಗಲೇ ಇರುತ್ತದೆ. ವರ್ಷಕ್ಕೊಮ್ಮೆ ದುಡ್ಡು ಕಟ್ಟುತ್ತಾರೆ, ಒಳಗೆ ನಾಲ್ಕು ಪುಟ ಬಿಟ್ಟರೆ ಏನೂ ಇರುವುದಿಲ್ಲ. ಗಿರಾಕಿ ಕಂಪನಿಯವರು ಒಳಹೋಗಿ ತಮ್ಮ ಜಾಬ್‌ವರ್ಕ್ ಎಲ್ಲಿಯವರೆಗೆ ಬಂದಿದೆ ಎಂದು ನೋಡುವ ಆ್ಯಪ್ ಬೇಕಾದರೆ, ಹೊಸ ಖರ್ಚಿಲ್ಲದೆ ಅದೇ ಜಾಗದಲ್ಲಿ ಲಾರಾವೆಲ್ ಇಡಬಹುದು. ಇಲ್ಲಿ ಬಳಸುವವರೆಲ್ಲ ಕಚೇರಿಯವರು, ಎಲ್ಲರಿಗೂ ಇಮೇಲ್ ಇದೆ. ನೋಂದಣಿ, ಲಾಗಿನ್, ಇಮೇಲ್ ದೃಢೀಕರಣ, ಪಾಸ್‌ವರ್ಡ್ ಮರೆತವರಿಗೆ ಕೊಂಡಿ ಕಳಿಸುವುದು, ಎಲ್ಲವೂ ಲಾರಾವೆಲ್‌ನ ಸ್ಟಾರ್ಟರ್ ಕಿಟ್‌ನಲ್ಲಿ ನೋಡಲೂ ಚೆನ್ನಾಗಿರುವ ಪುಟಗಳಾಗಿಯೇ ಬರುತ್ತವೆ. 2025ರಲ್ಲಿ ಬಂದ 12ನೇ ಆವೃತ್ತಿಯಿಂದ ರಿಯಾಕ್ಟ್, ವ್ಯೂ, ಲೈವ್‌ವೈರ್ ಎಂದು ಕಿಟ್ ಆರಿಸಿಕೊಳ್ಳಬಹುದು. ಹಳೆಯ ಪಾಠಗಳಲ್ಲಿ ಬ್ರೀಜ್, ಜೆಟ್‌ಸ್ಟ್ರೀಮ್ ಎಂದು ಹೇಳಿರುತ್ತಾರೆ. ಹೊಸದಾಗಿ ಶುರು ಮಾಡುವವರು ಅವುಗಳ ಹಿಂದೆ ಬೀಳಬೇಕಿಲ್ಲ. ಪಿಎಚ್‌ಪಿ ಮಾತ್ರ ಗೊತ್ತಿದ್ದವರು ಲೈವ್‌ವೈರ್ ಹಿಡಿಯಿರಿ.

ಶೇರ್ಡ್ ಹೋಸ್ಟಿಂಗ್‌ನಲ್ಲಿ ಲಾರಾವೆಲ್ ಇಡುವವರು ಬೀಳುವ ಗುಂಡಿ ಒಂದಿದೆ. ಪ್ರಾಜೆಕ್ಟ್‌ನ ಇಡೀ ಫೋಲ್ಡರ್ ಅನ್ನು ಹಾಗೆಯೇ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ಗೆ ಸುರಿದುಬಿಡುತ್ತಾರೆ. ಆಗ ಡೇಟಾಬೇಸ್‌ನ ಪಾಸ್‌ವರ್ಡ್ ಇರುವ ‘ಡಾಟ್ ಇಎನ್‌ವಿ’ ಕಡತವೂ ಜಾಲಕ್ಕೆ ತೆರೆದುಕೊಳ್ಳುವ ಅಪಾಯವಿದೆ: ವಿಳಾಸದ ಕೊನೆಗೆ ಆ ಕಡತದ ಹೆಸರು ಬರೆದು ಎಂಟರ್ ಒತ್ತಿದವನ ಪರದೆಯಲ್ಲಿ ಎಲ್ಲ ಗುಟ್ಟೂ ಬಂದು ನಿಲ್ಲುತ್ತದೆ. ಪ್ರಾಜೆಕ್ಟ್ ಹೊರಗಿನ ಫೋಲ್ಡರ್‌ನಲ್ಲಿರಲಿ, ಅದರೊಳಗಿನ ಪಬ್ಲಿಕ್ ಫೋಲ್ಡರ್ ಒಂದೇ ಡೊಮೇನ್‌ಗೆ ಕಾಣಲಿ. ಏರಿಸಿದ ಕೂಡಲೇ ನೀವೇ ಆ ವಿಳಾಸ ಬರೆದು ನೋಡಿ. 12ನೇ ಆವೃತ್ತಿಗೆ ಬೇಕಾದ ಪಿಎಚ್‌ಪಿ 8.2 ಅಥವಾ ಅದಕ್ಕಿಂತ ಹೊಸದು ಇದೆಯೇ, ಸರ್ವರ್‌ಗೆ ದೂರದಿಂದಲೇ ಆದೇಶ ಕೊಡಲು ಬೇಕಾದ ಎಸ್‌ಎಸ್‌ಎಚ್ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸುವುದೂ ಒಳ್ಳೆಯದು. ಎಸ್‌ಎಸ್‌ಎಚ್ ಇಲ್ಲದಿದ್ದರೆ ಡೇಟಾಬೇಸ್ ಬದಲಾವಣೆ ಮಾಡಲು ಪ್ರತಿ ಸಲವೂ ಪರದಾಡಬೇಕಾಗುತ್ತದೆ.

ಲಾರಾವೆಲ್ ಜೊತೆ ಅಡ್ಮಿನ್ ಪುಟ ಬರುವುದಿಲ್ಲ. ಫಿಲಮೆಂಟ್ ಎಂಬ ಉಚಿತ ಪ್ಯಾಕೇಜ್ ಹಾಕಿಕೊಂಡರೆ ಜ್ಯಾಂಗೋದ ಅಡ್ಮಿನ್‌ಗಿಂತ ಚೆಂದದ್ದೇ ಸಿಗುತ್ತದೆ, ಆದರೆ ಅದನ್ನು ಬೇರೆಯಾಗಿ ಕಲಿಯಬೇಕು. ಇನ್ನೊಂದು ಮಾತು: ಲಾರಾವೆಲ್ ಪಾಸ್‌ವರ್ಡ್ ಅರೆಯಲು ಬಳಸುವ ವಿಧಾನ ಬಿಕ್ರಿಪ್ಟ್. ಅದು ಮೊದಲ 72 ಬೈಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಅದು 72 ಅಕ್ಷರ. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ‘ಕ್ಷ’ ಎಂದು ಬರೆದರೆ ಅದೊಂದೇ 9 ಬೈಟ್. ವಚನದ ಒಂದು ಸಾಲನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವ ಉತ್ಸಾಹಿಗಳಿಗೆ 24 ಚಿಹ್ನೆಗಳ ಆಚೆಯದು ಗಣನೆಗೆ ಬರುವುದಿಲ್ಲ.

ಫೈರ್‌ಬೇಸ್, ಸುಪಾಬೇಸ್

ಇವೆರಡರಲ್ಲಿ ಲಾಗಿನ್ ನಿಮ್ಮ ಬಳಿ ಇರುವುದೇ ಇಲ್ಲ. ಅವರ ಸರ್ವರ್ ನೋಡಿಕೊಳ್ಳುತ್ತದೆ. ಗೂಗಲ್ ಖಾತೆಯಿಂದ ಒಳಬರುವ ಗುಂಡಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮಾಡತೊಡಗುತ್ತದೆ. ಫೈರ್‌ಬೇಸ್ ಗೂಗಲ್‌ನದು, ಅದರ ಫೈರ್‌ಸ್ಟೋರ್ ಡೇಟಾಬೇಸ್ ನೆಟ್‌ವರ್ಕ್ ಇಲ್ಲದಾಗಲೂ ಮೊಬೈಲ್‌ನಲ್ಲೇ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ತೋಟದಲ್ಲಿ ನಿಂತು ಔಷಧಿ ಸಿಂಪಡಣೆಯ ಲೆಕ್ಕ ಬರೆಯುವ ಆ್ಯಪ್ ಆದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಸುಪಾಬೇಸ್‌ನ ಒಳಗಿರುವುದು ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್, ಅಂದರೆ ನಾಳೆ ಬೇಸರವಾದರೆ ಡೇಟಾಬೇಸ್ ಅನ್ನು ಇಡಿಯಾಗಿ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಫೈರ್‌ಸ್ಟೋರ್‌ನಿಂದ ಹಾಗೆ ಹೊರಬರುವುದು ಸುಲಭವಲ್ಲ. ಎರಡಕ್ಕೂ ಮುಂಬೈ ಕೇಂದ್ರವಿದೆ. ಪ್ರಾಜೆಕ್ಟ್ ತೆರೆಯುವಾಗಲೇ ಅದನ್ನು ಆರಿಸಿ, ಆಮೇಲೆ ಬದಲಿಸಲು ಆಗುವುದಿಲ್ಲ.

ಬೆಳೆಗಾರ ತನ್ನದನ್ನು ಮಾತ್ರ ನೋಡಬೇಕು ಎಂಬ ಷರತ್ತು ಇಲ್ಲಿ ಪರೀಕ್ಷೆಗೆ ಬೀಳುತ್ತದೆ. ಜ್ಯಾಂಗೋ, ಲಾರಾವೆಲ್‌ಗಳಲ್ಲಿ ಒಳಬಂದವನು ವಿಳಾಸದಲ್ಲಿನ ಲಾಟ್ 417 ಎಂಬುದನ್ನು 418 ಎಂದು ತಿದ್ದಿದರೆ ಏನಾಗುತ್ತದೆ ಎಂಬುದು ನೀವು ಬರೆದ ಕೋಡ್‌ಗೆ ಬಿಟ್ಟದ್ದು. ಲಾಟ್ ಹುಡುಕುವ ಸಾಲಿನಲ್ಲಿ ‘ಇದರ ಒಡೆಯ ಈಗ ಒಳಗಿರುವವನೇ’ ಎಂಬ ಷರತ್ತು ಸೇರಿಸದಿದ್ದರೆ ಪಕ್ಕದವನ ಮಾಲು ಕಾಣುತ್ತದೆ, ಲಾಗಿನ್ ಇದ್ದೂ ಇಲ್ಲದಂತೆ. ಸುಪಾಬೇಸ್‌ನಲ್ಲಿ ಈ ನಿಯಮವನ್ನು ಡೇಟಾಬೇಸ್‌ಗೇ ಕಲಿಸಬಹುದು. ರೋ ಲೆವೆಲ್ ಸೆಕ್ಯುರಿಟಿ ಎನ್ನುತ್ತಾರೆ. ಕೋಡ್‌ನಲ್ಲಿ ಮರೆತರೂ ಡೇಟಾಬೇಸ್ ಕೊಡುವುದಿಲ್ಲ. ಸಿದ್ಧಾಂತದಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಆದರೆ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಬರೆದು ಟೇಬಲ್ ಮಾಡಿದರೆ ಈ ಕಾವಲು ತಾನಾಗಿ ಶುರುವಾಗುವುದಿಲ್ಲ, ನೀವೇ ಹಾಕಬೇಕು. ಬ್ರೌಸರ್‌ಗೆ ಕೊಟ್ಟ ಕೀಲಿ ಎಲ್ಲರಿಗೂ ಕಾಣುವಂಥದ್ದಾದ್ದರಿಂದ, ಕಾವಲು ಹಾಕದ ಟೇಬಲ್ ಎಂದರೆ ಊರಿಗೇ ತೆರೆದಿಟ್ಟ ಟೇಬಲ್. ಫೈರ್‌ಸ್ಟೋರ್‌ನ ಟೆಸ್ಟ್ ಮೋಡ್ ಕೂಡ ಹೀಗೆಯೇ: 30 ದಿನ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಅವಧಿ ಮುಗಿದ ಮೇಲೆ ಯಾರಿಗೂ ಇಲ್ಲ. ‘ನಿನ್ನೆಯವರೆಗೆ ಚೆನ್ನಾಗಿತ್ತು, ಇಂದು ಅನುಮತಿ ಇಲ್ಲ ಎನ್ನುತ್ತಿದೆ’ ಎಂದು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವುದೇ ಪ್ರಾಜೆಕ್ಟ್ ತೆರೆದ ತಾರೀಖು.

ಕೋಲ್ಡ್ ಸ್ಟೋರೇಜ್‌ಗೆ ಇವನ್ನು ನಾನು ಹೇಳದಿರುವುದಕ್ಕೆ ಕಾರಣ ಗುಮಾಸ್ತ. ಅವನಿಗೆ ಪಾಸ್‌ವರ್ಡ್ ಬದಲಿಸುವ ಪರದೆ ಬೇಕು. ಸುಪಾಬೇಸ್‌ನ ಡ್ಯಾಶ್‌ಬೋರ್ಡ್ ಅವನ ಕೈಗೆ ಕೊಟ್ಟರೆ ಇಡೀ ಡೇಟಾಬೇಸ್ ಕೊಟ್ಟಂತೆ, ಕೊಡದಿದ್ದರೆ ಆ ಪರದೆಯನ್ನು ನೀವೇ ಕಟ್ಟಬೇಕು. ಸರ್ವರ್ ಬರೆಯುವ ಕೆಲಸ ತಪ್ಪಿಸಿಕೊಳ್ಳಲು ಹೋಗಿ ಕೊನೆಗೆ ಸರ್ವರ್ ಬರೆಯುವುದೇ ಆಗುತ್ತದೆ.

ಉಳಿದವು

ನೋಡ್ ಮತ್ತು ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಸಾಧನಗಳಲ್ಲಿ ಲಾಗಿನ್ ಅನ್ನು ಕೈಯಾರೆ ಕಟ್ಟುವುದು ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಬಹಳ ಕಾಣುತ್ತದೆ. ಕಲಿಯಲು ಒಳ್ಳೆಯದು, ಬೇರೆಯವರ ಲೆಕ್ಕ ಇಡಲು ಬೇಡ. ಒಳಬಂದವನ ಗುರುತಿನ ಚೀಟಿಯಾದ ಟೋಕನ್ ಅನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಡುತ್ತಾರೆ, ಪುಟದೊಳಗೆ ಹೇಗೋ ನುಸುಳಿದ ಯಾವುದೇ ಸ್ಕ್ರಿಪ್ಟ್ ಅದನ್ನು ಓದಬಹುದು. ಲಾಗೌಟ್ ಒತ್ತಿದರೂ ಆ ಟೋಕನ್ ಅವಧಿ ಮುಗಿಯುವವರೆಗೆ ಜೀವಂತವಾಗಿರುತ್ತದೆ. ಟೋಕನ್ ಬದಲು ಸರ್ವರ್‌ನಲ್ಲೇ ಗುರುತು ಇಡುವ ಎಕ್ಸ್‌ಪ್ರೆಸ್ ಸೆಷನ್ ಬಳಸಿದರೂ ಅದರ ಮೂಲ ಸಂಗ್ರಹ ಮೆಮೊರಿಯಲ್ಲಿದ್ದು, ಸರ್ವರ್ ಮರುಪ್ರಾರಂಭವಾದಾಗ ಎಲ್ಲರೂ ಹೊರಬೀಳುತ್ತಾರೆ. ರೂಬಿ ಭಾಷೆಯ ಚೌಕಟ್ಟಾದ ರೈಲ್ಸ್ 8 ರಲ್ಲಿ, ಅಂದರೆ ನವೆಂಬರ್ 2024ರಿಂದ, ಒಂದೇ ಆದೇಶಕ್ಕೆ ಅಚ್ಚುಕಟ್ಟಾದ ಲಾಗಿನ್ ಸಿಗುತ್ತದೆ. ಕೋಡ್ ಓದಲು ಬಲು ಚೆಂದ. ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ರೂಬಿ ಬರೆಯುವವರು ನನಗೆ ಸಿಕ್ಕಿದ್ದು ತೀರ ವಿರಳ. ನನ್ನ ಎರಡನೆಯ ಪ್ರಶ್ನೆಯಲ್ಲೇ ಅದು ಬಿದ್ದುಹೋಗುತ್ತದೆ.

ಓಟಿಪಿ ಎಂಬ ಆಸೆ

ಮಾಲೀಕರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಓಟಿಪಿ ಕೇಳುತ್ತಾರೆ. ಕೇಳುವುದು ಸಹಜ; ಬೆಳೆಗಾರನಿಗೂ ಅದು ಅಭ್ಯಾಸವಾಗಿದೆ. ಆದರೆ ಭಾರತದಲ್ಲಿ ವ್ಯಾಪಾರಿ ಸಂಸ್ಥೆಯೊಂದು ಎಸ್‌ಎಂಎಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳಂತೆ ಟೆಲಿಕಾಂ ಕಂಪನಿಯ ಡಿಎಲ್‌ಟಿ ಎಂಬ ನೋಂದಣಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಸಂಸ್ಥೆಯ ದಾಖಲೆ ಒಂದು, ಕಳಿಸುವವರ ಹೆಸರು ಎರಡು, ಸಂದೇಶದ ಒಕ್ಕಣೆ ಮೂರು, ಹೀಗೆ ಮೂರಕ್ಕೂ ಒಪ್ಪಿಗೆ ಬೇಕು. ಒಪ್ಪಿಗೆಯಾದ ಒಕ್ಕಣೆಯಲ್ಲಿ ಒಂದು ಪದ ಬದಲಾದರೂ ಸಂದೇಶ ಹೋಗುವುದಿಲ್ಲ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಯ ಹೆಸರಿನಲ್ಲಿ ಇದು ಆಗುವ ಮಾತಲ್ಲ.

ಫೈರ್‌ಬೇಸ್ ಮೂಲಕ ಕಳಿಸಿದರೆ ಆ ಓಡಾಟ ಗೂಗಲ್‌ನದು, ಆದರೆ ಹಣ ಕಟ್ಟುವ ಬ್ಲೇಜ್ ಯೋಜನೆಗೆ ಸೇರಬೇಕು, ಸಂದೇಶಗಳಿಗೆ ದುಡ್ಡು ತೆರಬೇಕು. ಸುಪಾಬೇಸ್‌ನಲ್ಲಿ ಎಸ್‌ಎಂಎಸ್ ಕಂಪನಿಯನ್ನು ನೀವೇ ಜೋಡಿಸಬೇಕು, ಅಲ್ಲಿಗೆ ಡಿಎಲ್‌ಟಿ ಮತ್ತೆ ಎದುರು ನಿಲ್ಲುತ್ತದೆ. ಗುಮಾಸ್ತ ಎದುರಿಗೇ ಕುಳಿತಿರುವ ವ್ಯವಹಾರದಲ್ಲಿ ಇದಾವುದೂ ಮೊದಲ ವರ್ಷಕ್ಕೆ ಬೇಡ.

ಎಲ್ಲಿ ಇಡುವುದು

ಆಫೀಸಿನ ಕಂಪ್ಯೂಟರ್‌ನಲ್ಲೇ ಇಡಬಾರದೇ ಎಂಬ ಪ್ರಶ್ನೆಯನ್ನು ಬೇಗ ಮುಗಿಸೋಣ. ಕರೆಂಟ್ ಹೋದರೆ ಆ್ಯಪ್ ಹೋಯಿತು, ಮತ್ತು ಬಹಳಷ್ಟು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹೊರಗಿನಿಂದ ತಲುಪಬಹುದಾದ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ. ಬೇಡ.

ಉಚಿತ ಜಾಗಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಹೆರೋಕು ಎಂಬ ಹೋಸ್ಟಿಂಗ್ ಕಂಪನಿ ತನ್ನ ಉಚಿತ ಯೋಜನೆಯನ್ನು ನವೆಂಬರ್ 2022ರಲ್ಲೇ ನಿಲ್ಲಿಸಿತು. ಅದನ್ನು ಹೇಳಿಕೊಡುವ ಹಳೆಯ ಪಾಠಗಳು ಇನ್ನೂ ಓಡಾಡುತ್ತಿವೆ. ರೆಂಡರ್ ಉಚಿತವಾಗಿ ಜಾಗ ಕೊಡುತ್ತದೆ. 15 ನಿಮಿಷ ಯಾರೂ ಬರದಿದ್ದರೆ ಆ್ಯಪ್ ಮಲಗುತ್ತದೆ, ಮುಂದೆ ಬಂದವನು ಅದು ಏಳುವವರೆಗೆ ಸುಮಾರು ಒಂದು ನಿಮಿಷ ಕಾಯಬೇಕು. ಅಲ್ಲಿನ ಉಚಿತ ಪೋಸ್ಟ್‌ಗ್ರೆಸ್ 30 ದಿನಕ್ಕೆ ಅವಧಿ ಮುಗಿಸುತ್ತದೆ. ಒಂದೇ ಕಡತದಲ್ಲಿ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಿ ಜಾಣತನ ಮಾಡಲು ಹೋದರೆ ಇನ್ನೂ ಕಷ್ಟ: ಉಚಿತ ಸರ್ವರ್‌ನ ಡಿಸ್ಕ್ ತಾತ್ಕಾಲಿಕ, ಆ್ಯಪ್ ಮರುಪ್ರಾರಂಭವಾದಾಗ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಸುಪಾಬೇಸ್‌ನ ಉಚಿತ ಪ್ರಾಜೆಕ್ಟ್ ಒಂದು ವಾರ ಬಳಕೆಯಾಗದಿದ್ದರೆ ನಿಂತುಬಿಡುತ್ತದೆ. ವಿಟಿಯು ಪ್ರಾಜೆಕ್ಟ್ ತೋರಿಸಲು ಇವೆಲ್ಲ ಸಾಕು. ಹೊರಗಿನ ಪರೀಕ್ಷಕರು ಕೊಠಡಿಗೆ ಬರುವ ಸ್ವಲ್ಪ ಮುಂಚೆ ಪುಟವನ್ನೊಮ್ಮೆ ತೆರೆದು ಎಬ್ಬಿಸಿಟ್ಟಿರಿ, ಅಷ್ಟೇ. ಬೆಳೆಗಾರರ ಲೆಕ್ಕಕ್ಕೆ ಸಾಲವು.

ಜ್ಯಾಂಗೋ ಇಡಲು ನಾನು ಹೇಳುವುದು ಸಣ್ಣ ವಿಪಿಎಸ್, ಅಂದರೆ ನಿಮ್ಮೊಬ್ಬರಿಗೇ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್. ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲೇ ಕೇಂದ್ರವಿದೆ, 1 ಜಿಬಿ ಮೆಮೊರಿಯ ಸರ್ವರ್ ತಿಂಗಳಿಗೆ 6 ಡಾಲರ್, ಮೇಲೆ ಶೇಕಡಾ 18 ಜಿಎಸ್‌ಟಿ. ಅಮೆಜಾನ್‌ಗೆ ಮುಂಬೈ, ಹೈದರಾಬಾದ್ ಎರಡೂ ಕಡೆ ಕೇಂದ್ರಗಳಿವೆ, ಆದರೆ ಅವರ ಬಿಲ್ ಓದುವುದೇ ಒಂದು ವಿದ್ಯೆ. ಸ್ವಂತ ವಿಪಿಎಸ್‌ನಲ್ಲಿ ಎಸ್‌ಕ್ಯೂಲೈಟ್ ಕೂಡ ಈ ಗಾತ್ರದ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಬ್ಯಾಕಪ್ ಎಂದರೆ ಒಂದು ಕಡತದ ನಕಲು.

ಹಣ ಕಟ್ಟುವ ಬಗೆಯೂ ಆಯ್ಕೆಯ ಭಾಗವೇ. ಕಾರ್ಡ್‌ನಿಂದ ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗುವುದಕ್ಕೆ ಆರ್‌ಬಿಐ ಅಕ್ಟೋಬರ್ 2021ರಿಂದ ಬಿಗಿ ನಿಯಮ ತಂದಿದೆ. ವಿದೇಶಿ ಕಂಪನಿಗಳ ಕಡಿತ ಒಮ್ಮೊಮ್ಮೆ ತಿರಸ್ಕೃತವಾಗುತ್ತದೆ. ಎಚ್ಚರಿಕೆಯ ಇಮೇಲ್ ಬರುವುದು ಖಾತೆ ತೆರೆದವನಿಗೆ, ಅವನು ಪುಣೆಯಲ್ಲಿ ಬೇರೆ ಕೆಲಸದಲ್ಲಿರುತ್ತಾನೆ, ಸರ್ವರ್ ಇಲ್ಲಿ ನಿಲ್ಲುತ್ತದೆ. ವರ್ಷದ ಹಣವನ್ನು ಯುಪಿಐನಲ್ಲಿ ಒಮ್ಮೆಲೇ ಪಡೆಯುವ ಭಾರತೀಯ ಹೋಸ್ಟಿಂಗ್‌ಗೆ ಇಲ್ಲಿ ಹೆಚ್ಚು ಅಂಕ. ಇದೊಂದೇ ಕಾರಣಕ್ಕೆ ಲಾರಾವೆಲ್ ಆರಿಸಿಕೊಂಡ ವ್ಯಾಪಾರಿಗಳನ್ನು ನಾನು ಬಲ್ಲೆ, ಅವರ ಲೆಕ್ಕಾಚಾರವನ್ನು ತಪ್ಪೆನ್ನಲಾರೆ.

ಏರಿಸುವ ದಿನ

ಆ್ಯಪ್ ಪೂರ್ತಿಯಾದ ಮೇಲೆ ಏರಿಸೋಣ ಎಂದು ಕಾಯಬೇಡಿ. ಲಾಗಿನ್ ಪುಟ ಒಂದೇ ಇರುವಾಗಲೇ ಒಮ್ಮೆ ಏರಿಸಿ. ಜ್ಯಾಂಗೋದಲ್ಲಿ ಆ ದಿನ ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ತೊಂದರೆ ಬರುತ್ತದೆ. ದೋಷದ ವಿವರ ತೋರಿಸುವ ಡೀಬಗ್ ಅನ್ನು ಆಫ್ ಮಾಡಿದ ಕೂಡಲೇ 400 ಎಂಬ ದೋಷ: ಅನುಮತಿಸಿದ ಹೋಸ್ಟ್‌ಗಳ ಪಟ್ಟಿಯಲ್ಲಿ ನಿಮ್ಮ ಡೊಮೇನ್ ಇಲ್ಲ. ಅದನ್ನು ಸೇರಿಸಿದರೆ ಪುಟ ಬರುತ್ತದೆ, ಬಣ್ಣ, ವಿನ್ಯಾಸ ಏನೂ ಇಲ್ಲದೆ ಬೋಳಾಗಿ: ವಿನ್ಯಾಸದ ಕಡತಗಳನ್ನು ಒಟ್ಟುಗೂಡಿಸುವ ಕಲೆಕ್ಟ್‌ಸ್ಟ್ಯಾಟಿಕ್ ಆದೇಶ ಕೊಟ್ಟಿಲ್ಲ, ವೈಟ್‌ನಾಯ್ಸ್ ಅಥವಾ ಎನ್‌ಜಿನ್‌ಎಕ್ಸ್ ಆ ಕಡತಗಳನ್ನು ಕೊಡುತ್ತಿಲ್ಲ. ಅದೂ ಸರಿಹೋದ ಮೇಲೆ ಲಾಗಿನ್ ಒತ್ತಿದರೆ 403: ಎಚ್‌ಟಿಟಿಪಿಎಸ್ ಇರುವ ಪ್ರಾಕ್ಸಿಯ (ಮುಂದೆ ನಿಂತು ಕೋರಿಕೆ ದಾಟಿಸುವ ಸರ್ವರ್) ಹಿಂದೆ ಆ್ಯಪ್ ಕುಳಿತಿದೆ, ನಕಲಿ ಕೋರಿಕೆ ತಡೆಯುವ ಸಿಎಸ್‌ಆರ್‌ಎಫ್ ಕಾವಲಿನ ನಂಬಿಕೆಯ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಸಮೇತ ಪೂರ್ತಿ ವಿಳಾಸ ಬರೆದಿಲ್ಲ. ಈ ಮೂರರಲ್ಲಿ ಯಾವುದಕ್ಕೂ ಗಾಬರಿಯಾಗಿ ಡೀಬಗ್ ಮತ್ತೆ ಹಚ್ಚಬೇಡಿ. ದೋಷದ ಪುಟದಲ್ಲಿ ನಿಮ್ಮ ಕೋಡ್, ಕಡತಗಳ ಹಾದಿ, ಸೆಟ್ಟಿಂಗ್‌ಗಳೆಲ್ಲ ಬಂದವರಿಗೆ ಕಾಣುತ್ತವೆ. ‘ಚೆಕ್ ಡಿಪ್ಲಾಯ್’ ಎಂಬ ಆದೇಶ ಕೊಟ್ಟರೆ ಇನ್ನೇನು ಬಿಟ್ಟಿದ್ದೀರಿ ಎಂದು ಅದೇ ಪಟ್ಟಿ ಮಾಡುತ್ತದೆ.

ಸಮಯ ವಲಯವನ್ನು ಏಷ್ಯಾ ಕೋಲ್ಕತ್ತಾ ಎಂದು ಬದಲಿಸಿ. ಹೊಸ ಪ್ರಾಜೆಕ್ಟ್‌ನಲ್ಲಿ ಇರುವುದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ನಸುಕಿನ ನಾಲ್ಕಕ್ಕೆ ಲಾರಿ ಇಳಿಸಿ ಬರೆದ ಮಾಲು ಹಿಂದಿನ ದಿನದ ತಾರೀಖಿಗೆ ಬೀಳುತ್ತದೆ. ತಿಂಗಳ ಕೊನೆಯ ರಾತ್ರಿ ಹೀಗಾದರೆ ಒಂದು ತಿಂಗಳ ಬಾಡಿಗೆ ಹೆಚ್ಚು ಬಂತೆಂದು ಜಗಳವಾಗುತ್ತದೆ, ತಂತ್ರಾಂಶದ ತಪ್ಪೆಂದು ಯಾರೂ ಊಹಿಸುವುದಿಲ್ಲ. ಭಾಷೆಯನ್ನು ಕನ್ನಡಕ್ಕೆ ಇಟ್ಟರೆ ಅಡ್ಮಿನ್ ಪುಟ ಅರ್ಧಂಬರ್ಧ ಕನ್ನಡವಾಗುತ್ತದೆ. ಬೆಳೆಗಾರ ನೋಡುವ ಪುಟಗಳನ್ನಂತೂ ನೀವೇ ಕನ್ನಡದಲ್ಲಿ ಬರೆಯಿರಿ.

ಎಚ್‌ಟಿಟಿಪಿಎಸ್‌ಗೆ ದುಡ್ಡು ಕೊಡಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತ. ಅದರ ಅವಧಿ 90 ದಿನ, ಮುಗಿಯುವ ಮುನ್ನವೇ ಸರ್ಟ್‌ಬಾಟ್ ಎಂಬ ತಂತ್ರಾಂಶ ಅದನ್ನು ತಾನೇ ನವೀಕರಿಸುತ್ತದೆ. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಇಮೇಲ್‌ಗಳನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ, ಆದ್ದರಿಂದ ನವೀಕರಣ ನಿಜವಾಗಿ ನಡೆಯುತ್ತಿದೆಯೇ ಎಂದು ಒಮ್ಮೆ ಕೈಯಾರೆ ಪರೀಕ್ಷಿಸಿ.

ಬಿಟ್ಟುಹೋಗುವ ಮುನ್ನ

ಡೊಮೇನ್, ಸರ್ವರ್, ಕೋಡ್ ಇರುವ ಖಾತೆ, ಮೂರೂ ಮಾಲೀಕರ ಇಮೇಲ್ ಮತ್ತು ಫೋನ್‌ನಲ್ಲಿ ಇರಬೇಕು. ‘ಸದ್ಯಕ್ಕೆ ನನ್ನ ಹೆಸರಿನಲ್ಲಿ ಇರಲಿ’ ಎಂದು ಶುರುವಾದದ್ದು ಹಾಗೆಯೇ ಉಳಿದುಬಿಡುತ್ತದೆ. ಡೊಮೇನ್ ಕೊನೆಗೆ ಡಾಟ್ ಇನ್ ಸಾಕು. ಕನ್ನಡ ಲಿಪಿಯ ‘ಡಾಟ್ ಭಾರತ’ ಕೂಡ ಸಿಗುತ್ತದೆ, ಅಭಿಮಾನಕ್ಕೆ ಕೊಳ್ಳಬಹುದು. ಫೋನ್‌ನಲ್ಲಿ ಹೇಳಿ ಬರೆಸಲು ಮಾತ್ರ ಇಂಗ್ಲಿಷ್ ಅಕ್ಷರದ್ದೂ ಒಂದಿರಲಿ.

ಆವೃತ್ತಿಯ ಆಯ್ಕೆಯಲ್ಲೂ ಜ್ಯಾಂಗೋಗೆ ಮೇಲುಗೈ. 5.2 ದೀರ್ಘಾವಧಿ ಬೆಂಬಲದ ಆವೃತ್ತಿ, ಏಪ್ರಿಲ್ 2028ರವರೆಗೆ ಭದ್ರತಾ ತಿದ್ದುಪಡಿಗಳು ಬರುತ್ತವೆ. ಲಾರಾವೆಲ್‌ನ ಪ್ರತಿ ಆವೃತ್ತಿಗೆ ಅದು ಬಿಡುಗಡೆಯಿಂದ 2 ವರ್ಷ ಮಾತ್ರ. 12ನೆಯದಕ್ಕೆ ಫೆಬ್ರವರಿ 2027ಕ್ಕೆ ಮುಗಿಯುತ್ತದೆ. ಯಾವುದನ್ನೇ ಆರಿಸಿ, ಆ ತಾರೀಖನ್ನು ಮಾಲೀಕರ ಕ್ಯಾಲೆಂಡರ್‌ನಲ್ಲಿ ಬರೆಸಿ. ಆವೃತ್ತಿ ಏರಿಸುವ ಕೆಲಸಕ್ಕೆ ವರ್ಷಕ್ಕೆ ಇಷ್ಟು ಹಣ ಎಂದು ಮೊದಲ ದಿನದ ಕರಾರಿನಲ್ಲೇ ಸೇರಿಸಿ. ಆ್ಯಪ್ ನಡೆಯುತ್ತಿರುವಾಗ ಅದಕ್ಕೆ ಹಣ ಕೇಳಿದರೆ "ಈಗ ಚೆನ್ನಾಗಿಯೇ ಇದೆಯಲ್ಲರೀ" ಎಂಬ ಉತ್ತರವೇ ಬರುತ್ತದೆ.